ಕೀಲೆಣ್ಣೆ

ನಿಂಬೆವ್ವ ಸೈಕಲ್ಲಿನ ಹಿಂದಿನ ಗಾಲಿಯನ್ನು ಖಾದರಸಾಬನ ಅಂಗಳದಲ್ಲಿ ಇಳಿಸಿದಳು. ಬಾಗಿಲ ಹೊರಗೆ ಬಂಡಿ ನಿಲ್ಲಿಸಿಕೊಂಡು ಅವಳ ಮೈದುನ ರೇವಣಪ್ಪ ಕುಳಿತಿದ್ದ. ಖಾದರಸಾಬನ ಹೆಂಡತಿ ವಜೀರುನ್ನಿಸಾ ಎರಡು ಸಲ ಕರೆದರೂ ಅವನು ಒಳಗೆ ಬರಲಿಲ್ಲ.

“ಬರೇ ಗಾಲಿ ತಂದೀಯಲ್ಲವ್ವಾ, ಉಳಿದ ಸೈಕಲ್ ನಿಮ್ಮ ಎತ್ತು ತಿಂತೇನು?” ಎಂದ ಖಾದರಸಾಬ. ಹಿಂದೆಲ್ಲ ಇಂಥ ಮಾತಿಗೆ ನಿಂಬೆವ್ವನೂ ಒಂದು ಮಾತು ತಿರುಗಿಸುತ್ತಿದ್ದಳು.

“ಇನ್ನ ಮ್ಯಾಲೆ ರೇವಣಪ್ಪ ಇದನ್ನ ಹೊಡೀತಾನಂತ, ಮಾಮಾ. ಫ್ರೀವೀಲ್ ಬಿಚ್ಚಿ ತೊಳದು ಕೊಡು,” ಎಂದಳು. ಆಮೇಲೆ ದನಿ ತಗ್ಗಿಸಿ, “ಒಳಗ ಏನಾಗೇದ ನೋಡಿ ನನಗ ಖರೇ ಹೇಳು,” ಎಂದಳು.

ಆಳಂದದ ಬಜಾರಿನಲ್ಲಿದ್ದ ಖಾದರಸಾಬನ ಸೈಕಲ್ ಅಂಗಡಿ ಈಗ ಇರಲಿಲ್ಲ. ಹೋದ ತಿಂಗಳು ಹಿಂದೂಸ್ತಾನದ ದಂಡು ಬಂದು ನಿಜಾಮರ ಆಳ್ವಿಕೆ ಮುಗಿದ ವಾರದಲ್ಲೇ ಯಾರೋ ಅದಕ್ಕೆ ಬೆಂಕಿ ಇಟ್ಟಿದ್ದರು. ಓಣಿಯಲ್ಲಿ ಎಷ್ಟೋ ಮುಸಲ್ಮಾನರ ಮನೆಗಳಿಗೆ ಬೀಗ ಬಿದ್ದಿತ್ತು. ಒಂದು ಚೀಲ ಹತ್ಯಾರು ಉಳಿದಿದ್ದವು, ಅಷ್ಟೇ. ತೊಳೆಯಲು ಸೀಮೆಎಣ್ಣೆಯೂ ಇರಲಿಲ್ಲ. ವಜೀರುನ್ನಿಸಾ ಕಂದೀಲನ್ನು ತಂದು, ಅದರಲ್ಲಿದ್ದದ್ದನ್ನೇ ತಗಡಿನ ಡಬ್ಬಿಗೆ ಬಗ್ಗಿಸಿದಳು.

ಖಾದರಸಾಬ ಉಳಿ ಇಟ್ಟು, ಗಾಲಿಯ ನಡುವೆ ಚೈನು ಹಾಯುವ ಹಲ್ಲಿನ ಚಕ್ರ ಫ್ರೀವೀಲಿನ ಮುಚ್ಚಳಕ್ಕೆ ಮೆಲ್ಲಗೆ ಪೆಟ್ಟು ಹಾಕತೊಡಗಿದ. ನಿಂಬೆವ್ವನ ಮಾತು ಆ ಪೆಟ್ಟುಗಳ ನಡುನಡುವೆ ಹೊರಬಂತು.

“ಸಂಕ್ರಾಂತಿಗೆ ಇನ್ನ ಎರಡು ದಿನ ಇತ್ತು, ಮಾಮಾ. ಇವರು ನಿಜಾಮರ ಗಡಿ ದಾಟಿ ದುಧನಿಗೆ ಚಳವಳಿಯವರ ಚೀಟಿ ಒಯ್ಯಾಕ ಹೊಂಟಿದ್ರು. ಪೆಡಲ್ ತುಳಿಯೋದು ಬಿಟ್ಟರ ಸಾಕು, ಗಾಲಿ ಟಿಕ್ ಟಿಕ್ ಅಂತಿತ್ತು. ಗಡಿ ಕಾಯೋರಿಗೆ ಕೇಳಸ್ತದ ಅಂತ ನನಗ ಅಂಜಿಕಿ. ಬಂಡಿ ಅಚ್ಚಿಗೆ ಹಾಕೋ ಕೀಲೆಣ್ಣಿ ಕಾಸಿ ಆ ಸಂದ್ಯಾಗ ಸುರುವಿದೆ. ಸಪ್ಪಳ ನಿಂತೇಬಿಡ್ತು. ‘ಖಾದರಸಾಬನ ಅಂಗಡ್ಯಾಗ ನಿನ್ನನ್ನ ಕೂಡಸಬೇಕು ನೋಡು ಬೇ’ ಅಂತ ನಕ್ಕೋತ ಹ್ವಾದ್ರು.”

ಮರುದಿನ ನಸುಕಿನ ಚಳಿಯಲ್ಲಿ, ಗಡಿಯ ಹತ್ತಿರ ನಿಜಾಮರ ಬಂದೂಕಿನವರು ಎದುರಾದಾಗ, ಅವಳ ಗಂಡ ಮಾಳಿಂಗಪ್ಪ ಜೀವದಾಸೆಗೆ ತುಳಿದಿದ್ದ. ಪೆಡಲು ಸುಮ್ಮನೆ ಗರಗರ ತಿರುಗಿತು. ಗಾಲಿಗೆ ಎಳೆತವೇ ಇಲ್ಲದೆ ಅವನು ಗುಂಡಿಗೆ ಬಲಿಯಾದ. ಜೊತೆಗೆ ಇನ್ನೊಂದು ಸೈಕಲ್ಲಿನಲ್ಲಿದ್ದ ನಾಗಣ್ಣ ಉಳಿದು ಬಂದು ಹೇಳಿದ್ದು ಇಷ್ಟೇ. ಒಂಬತ್ತು ತಿಂಗಳಿಂದ ನಿಂಬೆವ್ವ ಆ ಕೀಲೆಣ್ಣೆಯ ಮಿಳ್ಳೆಯನ್ನು ಮುಟ್ಟಿರಲಿಲ್ಲ.

ಮುಚ್ಚಳ ಬಿಚ್ಚಿತು. ಸಣ್ಣ ಗುಂಡುಗಳು ತಟ್ಟೆಗೆ ಉದುರಿದವು. ಒಳಗೆ ಗಾಲಿಯನ್ನು ಕಚ್ಚಿ ಎಳೆಯಬೇಕಾದ ಎರಡು ಕಬ್ಬಿಣದ ನಾಲಿಗೆಗಳು ಕರಿ ಅಂಟಿನಲ್ಲಿ ಹೂತುಹೋಗಿ, ಮೇಲೇಳದೆ ಮಲಗಿದ್ದವು. ಅವುಗಳನ್ನು ಎತ್ತುವ ಕೂದಲೆಳೆಯಂಥ ಸ್ಪ್ರಿಂಗುಗಳು ಮಾತ್ರ ಗಟ್ಟಿಯಾಗಿದ್ದವು. ಹೋದ ವರ್ಷದ ದಸರೆಗೆ ಖಾದರಸಾಬನೇ ಹಾಕಿದ ಹೊಸ ಸ್ಪ್ರಿಂಗುಗಳು.

ಖಾದರಸಾಬ ಎಲ್ಲವನ್ನೂ ಸೀಮೆಎಣ್ಣೆಯ ಡಬ್ಬಿಯೊಳಗೆ ಮುಳುಗಿಸಿದ. ಅಂಟು ಕರಗಿ ಎಣ್ಣೆ ಕಪ್ಪಾಯಿತು. ಆ ಕಪ್ಪಿನೊಳಗೆ, ನಿಂಬೆವ್ವನಿಗೆ ಕಾಣದಂತೆ, ಅವನ ಹೆಬ್ಬೆರಳು ಒಂದು ಸ್ಪ್ರಿಂಗನ್ನು ಮುರಿಯಿತು. ಒಂದು ಮುರಿದರೆ ಇನ್ನೊಂದರ ಬಲದಿಂದ ಗಾಲಿ ಹೇಗೋ ಎಳೆಯುತ್ತದೆ. ಅದಕ್ಕೆ ಎರಡನೆಯದನ್ನೂ ಮುರಿದ.

“ಇಲ್ಲಿ ನೋಡು,” ಎಂದು ತುಂಡುಗಳನ್ನು ಅಂಗೈಯಲ್ಲಿ ಹಿಡಿದ. “ಸ್ಪ್ರಿಂಗ್ ಮುರದಾವ. ನಿನ್ನ ಕೀಲೆಣ್ಣಿ ಏನೂ ಮಾಡಿಲ್ಲವ್ವಾ.”

“ಮತ್ತ ಹ್ಯಾಂಗ ಮುರದಾವು?”

“ಹಳೇವು. ಹೊಸಾವು ಅಂತ ಹೇಳಿ ನಾನೇ ಹಾಕಿದ್ದೆ. ತಪ್ಪು ನಂದು.”

“ಹಳೇವು ಅಲ್ಲ, ಅವು...” ಎಂದು ವಜೀರುನ್ನಿಸಾ ಬಾಯಿ ತೆರೆದಳು. ಗಂಡ ಅವಳತ್ತ ನೋಡಿದ. ಅವಳು ಎದ್ದು ಹೋಗಿ ಬೀದಿ ಬಾಗಿಲ ಒಂದು ಕದ ಮುಂದೆ ಮಾಡಿದಳು.

ನಿಂಬೆವ್ವ ಆ ತುಂಡುಗಳನ್ನೇ ನೋಡುತ್ತ ನಿಂತಳು. ಮೊದಲು ಅವಳ ಮುಖ ಬಿಗಿಯಿತು. “ನೀನಾ, ಮಾಮಾ?” ಎಂದಳು. ಆಮೇಲೆ ಸೆರಗನ್ನು ಬಾಯಿಗೆ ತುರುಕಿಕೊಂಡು ಅಲ್ಲೇ ಕುಸಿದಳು. ಒಂಬತ್ತು ತಿಂಗಳ ಅಳು ಒಮ್ಮೆಲೇ ಬಂತು. ವಜೀರುನ್ನಿಸಾ ಅವಳ ಬೆನ್ನ ಮೇಲೆ ಕೈ ಇಟ್ಟುಕೊಂಡು ಕುಳಿತಳು.

“ಅತ್ತಿಗಿ!” ಹೊರಗಿನಿಂದ ರೇವಣಪ್ಪನ ದನಿ. “ಯಾಕ ಅಳಾಕತ್ತೀರಿ? ಏನಾಗಿತ್ತಂತ? ಏನಂತಾನ ಆ ಸಾಬ?”

ಬಂಡಿಯಿಂದ ಅವನು ಧುಮುಕಿದ್ದು ಕೇಳಿಸಿತು. ಬಾರುಕೋಲು ಕದಕ್ಕೆ ತಾಗಿತು. ಖಾದರಸಾಬ ಕೈಯೊಳಗಿನ ತುಂಡುಗಳನ್ನು ಮತ್ತೆ ಡಬ್ಬಿಗೆ ಹಾಕಿ, ಬಾಗಿಲತ್ತ ನೋಡುತ್ತ ಕುಳಿತ.

ನಿಂಬೆವ್ವ ಎದ್ದಳು. ಕಣ್ಣೊರೆಸಿಕೊಂಡು ಅರೆ ತೆರೆದ ಬಾಗಿಲಿಗೆ ಅಡ್ಡವಾಗಿ ನಿಂತಳು.

“ನಾ ಸುರುವಿದ ಕೀಲೆಣ್ಣಿ ಚಳಿಗೆ ಗಟ್ಟಿ ಆಗಿತ್ತಂತ, ರೇವಣಪ್ಪ. ಅದಕ್ಕ ಗಾಲಿ ತಿರುಗಿಲ್ಲ. ತಪ್ಪು ನಂದು.”

ಬಾರುಕೋಲು ಕದದಿಂದ ಹಿಂದೆ ಸರಿಯಿತು. ಆಮೇಲೆ, “ನಮ್ಮ ಅಣ್ಣನ್ನ ನೀವ ತಿಂದ್ರಿ,” ಎಂದ ರೇವಣಪ್ಪ. ಅವನ ಹೆಜ್ಜೆ ಬಂಡಿಯ ಕಡೆಗೆ ಹೋಯಿತು.

ನಿಂಬೆವ್ವ ಒಳಗೆ ತಿರುಗಿ, ಖಾದರಸಾಬನ ಹತ್ತಿರ ಬಾಗಿ, ಪಿಸುದನಿಯಲ್ಲಿ ಅಂದಳು: “ನೀ ಹೇಳಿದ್ದನ್ನ ಮತ್ತ್ಯಾರ ಮುಂದೂ ಹೇಳಬ್ಯಾಡ, ಮಾಮಾ. ದಿನ ಛಲೋ ಇಲ್ಲ. ನನಗಾದ್ರ ಬೈತಾರ, ಅಷ್ಟ. ಇದೊಂದು ಸುಳ್ಳು ನನ್ನ ತಲಿ ಮ್ಯಾಲಿರಲಿ.”