ಮೂವತ್ತೊಂದನೇ ನಂಬರ್ ಬಸ್ಸು ಉಳಿಸಿದ್ದು

ಬಸ್ಸಿನ ಬಾಗಿಲಲ್ಲಿ ನಿಂತು ಟೈಲರಮ್ಮ ತಲೆ ಎಣಿಸುತ್ತಿದ್ದಳು. ಮೂವತ್ತೆಂಟು. ಇನ್ನೂ ನಾಲ್ಕು ಸೀಟು ಖಾಲಿ.

"ಬೇಕರಿಯವನೆಲ್ಲಿ? ನಿನ್ನೆ ಆಣೆ ಮಾಡಿ ಹೇಳಿದ್ದ!"

"ಬಂದ ಅತ್ತಿಗೆ, ಬಂದ," ಎಂದಳು ನಾದಿನಿ ಕಿಟಕಿಯಿಂದ ಬಗ್ಗಿ. "ಹೆಂಡತೀನೂ ಎಳ್ಕೊಂಡು ಬರ್ತಿದ್ದಾನೆ."

ಕಳೆದ ವಾರ ಕಂಡಕ್ಟರ್ ಟೈಲರಮ್ಮನ ಕಿವಿಯಲ್ಲಿ ಊದಿದ್ದ. "ಅಕ್ಕಾ, ಸೋಮವಾರದಿಂದ ನಮ್ಮ ಬಸ್ಸಿಗೆ ಸರ್ವೆ ಹಾಕಿದ್ದಾರೆ. ಯಾಕೆ ಅಂತ ಡಿಪೋದಲ್ಲಿ ಯಾರೂ ಬಾಯಿ ಬಿಡ್ತಿಲ್ಲ. ಹೋದ ವರ್ಷ ಹತ್ತೊಂಬತ್ತನೇ ನಂಬರಿಗೂ ಹೀಗೇ ಬಂದಿದ್ರು. ದಿನಾ ಹೋಗಿಬರೋರು ಇಲ್ಲ ಅಂತ ಬರ್ಕೊಂಡು ಹೋದ್ರು. ತಿಂಗಳೊಳಗೆ ಬಸ್ಸೇ ನಿಂತುಹೋಯ್ತು."

ನಿಲ್ದಾಣದಲ್ಲಿ ಒಂದು ಚೀಟಿಯಿಲ್ಲ, ನೋಟಿಸಿಲ್ಲ. ಈ ಸಾರಿಗೆಯವರು ಬಸ್ಸು ಬರುವುದನ್ನೂ ಹೇಳುವುದಿಲ್ಲ, ಹೋಗುವುದನ್ನೂ ಹೇಳುವುದಿಲ್ಲ. ಹೀಗಿರುವಾಗ ಕಂಡಕ್ಟರ್ ಹೇಳಿದ್ದೇ ವೇದವಾಕ್ಯ.

ಮೂವತ್ತೊಂದನೇ ನಂಬರ್ ನಿಂತರೆ ಅವಳ ಗಂಡನ ಕಥೆ ಮುಗಿದಂತೆಯೇ. ವಾರಕ್ಕೆ ಮೂರು ಸಲ ಡಯಾಲಿಸಿಸ್. ಬೆಳಗ್ಗೆ ಏಳಕ್ಕೆ ಹೋಗುವ ಬಸ್ಸು, ಸಂಜೆ ಆರಕ್ಕೆ ಮರಳುವ ಬಸ್ಸು, ನಡುವೆ ಬೇರೆ ಇಲ್ಲ. ಯಂತ್ರ ಅವನನ್ನು ಹನ್ನೆರಡಕ್ಕೇ ಬಿಡುತ್ತದೆ. ಆಮೇಲೆ ಆಸ್ಪತ್ರೆಯ ಬೆಂಚಿನ ಮೇಲೆ ಹಿಂಡಿದ ಬಟ್ಟೆಯ ಹಾಗೆ ಬಿದ್ದಿರುತ್ತಾನೆ. ಆ ಹೊತ್ತಿನಲ್ಲಿ ಅವಳು ಅಂಗಡಿಗಳಿಗೆ ಹೊಲಿದ ಬಟ್ಟೆ ಮುಟ್ಟಿಸಿ ಬರುತ್ತಾಳೆ. ಕಷ್ಟವೇ. ಆದರೂ ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ವಾಸಿಯಲ್ಲವೇ?

ಹಾಗಾಗಿ ಅವಳು ಬೀದಿಯ ಒಂದು ಮನೆಯನ್ನೂ ಬಿಡದೆ ಬಾಗಿಲು ತಟ್ಟಿದ್ದಳು. "ಐದೇ ದಿನ. ಕೇಳಿದ್ರೆ ಎಲ್ರೂ ಕೆಲಸಕ್ಕೆ ಹೋಗೋರು. ಬೆಳಗ್ಗೆ ಹೋಗಿ ಸಂಜೆ ಬರೋರು. ಕಷ್ಟ ಗಿಷ್ಟ ಅಂತ ಯಾರೂ ಗೊಣಗಬೇಡಿ. ಆಸ್ಪತ್ರೆ ಅನ್ನೋ ಮಾತಂತೂ ಎತ್ತಲೇಬೇಡಿ."

ಸ್ಕೂಟರ್ ಇದ್ದವರು ಸ್ಕೂಟರ್ ಬಿಟ್ಟು ಬಂದರು. ಮನೆಯ ಜಗಲಿಯಲ್ಲೇ ಕ್ಷೌರದಂಗಡಿ ಇಟ್ಟವನು ಬಾಗಿಲು ಹಾಕಿ ಬಂದ. ಬಸ್ಸು ಹತ್ತಿದರೆ ವಾಂತಿ ಮಾಡುವ ಮೂಲೆಮನೆ ಅಜ್ಜಿಯೂ ಕೈಯಲ್ಲಿ ನಿಂಬೆಹಣ್ಣು ಹಿಡಿದು ಬಂದಳು.

ಸರ್ವೆಯವಳು ಎರಡನೇ ಸ್ಟಾಪಿನಲ್ಲಿ ಹತ್ತಿದಳು. ಸಣ್ಣ ವಯಸ್ಸು, ಎದೆಗೊತ್ತಿದ ರಟ್ಟು, ಅದರ ಮೇಲೆ ಕಾಗದ. ಹಿಂದಿನ ಸೀಟಿನಿಂದ ಶುರು ಮಾಡಿ ದಿನಕ್ಕೆ ಇಷ್ಟಿಷ್ಟು ಜನರನ್ನು ಕೂರಿಸಿಕೊಂಡು ಕೇಳಿದಳು. ಎಲ್ಲರದೂ ಒಂದೇ ರಾಗ.

"ಅಜ್ಜಿ, ನೀವೂ ಕೆಲಸಕ್ಕಾ?"

"ಹೂಂ ಮಗಾ. ಆಫೀಸು."

ಬಸ್ಸಿಗೆ ಬಸ್ಸೇ ನಗು ನುಂಗಿಕೊಂಡಿತು.

ಶುಕ್ರವಾರ ಸರ್ವೆಯವಳು ಮುಂದಿನ ಸೀಟಿಗೆ ಬಂದಳು. ಟೈಲರಮ್ಮ ಗಂಡನ ತೋಳಿನ ಸೂಜಿಗಾಯ ಕಾಣದಂತೆ ಅವನ ಮೇಲೆ ಶಾಲು ಎಳೆದಳು.

"ಸರ್, ನೀವೆಲ್ಲಿಗೆ?"

"ಇವರೂ ಕೆಲಸಕ್ಕೇ," ಎಂದಳು ಟೈಲರಮ್ಮ. ಡಾಕ್ಟರಿಗಾಗಲಿ, ನೆಂಟರಿಗಾಗಲಿ, ಅವನ ಪರವಾಗಿ ಮಾತಾಡುವವಳು ಅವಳೇ.

"ಅವರೇ ಹೇಳಿದ್ರೆ ಒಳ್ಳೇದಿತ್ತು."

ಅವನು ಬಾಯಿ ತೆರೆದ. ಶಾಲಿನ ಕೆಳಗೆ ಅವಳು ಚಿವುಟಿದಳು. "ಅವರದು ಮಾತು ಕಮ್ಮಿ. ನನ್ನನ್ನ ಕೇಳಮ್ಮ."

"ವಾಪಸ್ ಬರೋದು?"

"ಸಂಜೆ. ಆರರ ಬಸ್ಸು ನಮಗೆ ಹೇಳಿ ಮಾಡಿಸಿದ ಹಾಗಿದೆ."

"ಈ ಬಸ್ಸಲ್ಲಿ ಆಸ್ಪತ್ರೆಗೆ ಹೋಗೋರು ಯಾರೂ ಇಲ್ವಾ? ಸರಿಯಾಗಿ ನೆನಪು ಮಾಡ್ಕೊಳ್ಳಿ."

ಎಂಥ ಗಟ್ಟಿ ಹೆಣ್ಣು, ಬಾಯಿ ಬಿಡಿಸದೆ ಬಿಡುವುದಿಲ್ಲವಲ್ಲ! "ಇಲ್ವೇ ಇಲ್ಲ. ನಮ್ಮ ಬೀದಿಯವರೆಲ್ಲ ಕಲ್ಲುಗುಂಡಿನ ಹಾಗಿದ್ದಾರೆ."

"ಹಾಗಾದ್ರೆ ಏನೂ ತೊಂದರೆ ಇಲ್ಲ ಅಂತ ಬರ್ಕೊಳ್ಳಲಾ?"

"ಧಾರಾಳವಾಗಿ ಬರ್ಕೊಳ್ಳಿ."

ಸರ್ವೆಯವಳು ಕಾಗದ ನೋಡಿದಳು, ಅವನ ಮುಖ ನೋಡಿದಳು, ಕೊನೆಗೆ ಬರೆದಳು. ಮುಖ ಬಾಡಿತ್ತು. ಸೋತೆಯಾ ತಾಯಿ, ಎಂದುಕೊಂಡಳು ಟೈಲರಮ್ಮ.

ಇಳಿದ ಮೇಲೆ ಗಂಡನನ್ನು ಕೇಳಿದಳು. "ಏನ್ರೀ, ಅಲ್ಲಿ ಏನೋ ಹೇಳೋಕೆ ಹೋಗಿದ್ರಿ?"

"ಏನಿಲ್ಲ ಬಿಡು." ಅವನು ಹಿಂದೆ ಇಳಿಯುತ್ತಿದ್ದ ಅಜ್ಜಿ, ಬೇಕರಿಯವನು, ಕ್ಷೌರದವನು ಎಲ್ಲರನ್ನೂ ನೋಡಿದ. ಕಣ್ಣು ತುಂಬಿತ್ತು. "ಇಷ್ಟು ಜನ ನನಗೋಸ್ಕರ ಬಂದಿದ್ದಾರಲ್ಲೇ. ಅವರನ್ನ ಸುಳ್ಳುಗಾರರು ಮಾಡ್ಲಾ?"

ಒಂದು ತಿಂಗಳು ಕಳೆಯಿತು. ಬಸ್ಸು ನಿಲ್ಲಲಿಲ್ಲ. ಕಂಡಕ್ಟರ್ ಅವಳನ್ನು ಕಂಡಾಗಲೆಲ್ಲ ಎರಡು ಸೀಟಿ ಹೆಚ್ಚಿಗೆ ಊದಿದ. ಬೀದಿಯಲ್ಲಿ ಅವಳದೇ ಮಾತು. ಗಂಡಸರ ಕೈಲಾಗದ್ದನ್ನು ಹೊಲಿಗೆ ಮಿಷನ್ನಿನವಳು ಮಾಡಿದಳು ಎಂದರು. ಅವಳಿಗೂ ಒಳಗೊಳಗೇ ಹಿಗ್ಗು.

ಆ ಶನಿವಾರ ಸಾರಿಗೆ ಕಚೇರಿಯಿಂದ ಗಂಡನ ಹೆಸರಿಗೊಂದು ಲಕೋಟೆ ಬಂತು. ಅವನು ಮಲಗಿದ್ದ. ಎಂದಿನಂತೆ ಅವಳೇ ಒಡೆದು ಓದಿದಳು.

"ಮಾನ್ಯರೇ, ಆಸ್ಪತ್ರೆಯಿಂದ ಮರಳುವ ರೋಗಿಗಳಿಗಾಗಿ ಮಧ್ಯಾಹ್ನವೂ ಒಂದು ಬಸ್ಸು ಬಿಡಬೇಕೆಂದು ಕೋರಿ ತಾವು ಬರೆದ ಅರ್ಜಿಯ ಮೇರೆಗೆ ಮೂವತ್ತೊಂದನೇ ಮಾರ್ಗದಲ್ಲಿ ಐದು ದಿನ ಸಮೀಕ್ಷೆ ನಡೆಸಲಾಗಿ, ಅಂಥ ಪ್ರಯಾಣಿಕರು ಒಬ್ಬರೂ ಸಿಗದ ಕಾರಣ, ತಮಗೆಂದು ಮಂಜೂರಾಗಿದ್ದ ಆ ಬಸ್ಸನ್ನು ಬೇರೆ ಮಾರ್ಗಕ್ಕೆ ಕೊಡಲಾಗಿದೆ."