ಫೈನಲ್ಲಿನ ಬಿಯರು

ಸ್ನೂಕರ್ ನೋಡಲು ಸಿನಿಮಾದಷ್ಟೇ ಜನ ಮುಗಿಬೀಳುತ್ತಿದ್ದ ಕಾಲ. ಟೂರ್ನಿಯ ಪ್ರಾಯೋಜಕರು ಬಿಯರ್ ಕಂಪನಿಯವರು. ಹಾಗಾಗಿ ಆಟಗಾರರು ಎಲ್ಲರೆದುರು ಬಿಯರು ಕುಡಿಯುತ್ತಲೇ ಆಡಬೇಕೆಂಬುದು ಕರಾರು. ಫೈನಲ್‌ನಲ್ಲಿ ಬೋಳುತಲೆಯ ಮುದ್ದಯ್ಯ ಒಂದು ಗ್ಲಾಸು ಮುಗಿಸಿದರೆ, ಎದುರಾಳಿ ವಿಕ್ಟರ್ ಎರಡು ಮುಗಿಸುತ್ತಿದ್ದ. ಆದರೂ ಇಬ್ಬರ ಗುರಿಯೂ ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲ.

ವಿರಾಮದಲ್ಲಿ ಮುದ್ದಯ್ಯ ವೇಟರನ್ನು ಮೂಲೆಗೆ ಎಳೆದ.

"ನನ್ ಗ್ಲಾಸಿಗೆ ಸೇಬಿನ ಜ್ಯೂಸೇ ಹಾಕ್ತಿದೀಯ ತಾನೇ?"

"ಹೂಂ ಸಾರ್. ಅವರಿಗೂ ಅದೇ."

"ಅವನಿಗೂನಾ! ಕಳ್ಳ ನನ್ಮಗ! ಅವನ ಜೊತೆ ಪೈಪೋಟಿಗೆ ಬಿದ್ದು ನನ್ ಹೊಟ್ಟೆ ಒಡೆಯೋ ಹಾಗಾಗಿದೆ. ಅಲ್ವೋ, ತುಂಬಿದ ಬಿಯರ್ ಬಾಟ್ಲು ಕಂಪನಿಯವರ ಕಣ್ಣಿಗೆ ಬಿದ್ರೆ ನಮ್ಮಿಬ್ಬರನ್ನೂ ಹೊರಗೆ ಹಾಕ್ತಾರಲ್ಲೋ!"

"ಒಂದೂ ಉಳಿದಿಲ್ಲ ಸಾರ್, ಎಲ್ಲಾ ಖಾಲಿ. ನೀವು ತಲೆ ಕೆಡಿಸ್ಕೋಬೇಡಿ."

ಆಟ ಮತ್ತೆ ಶುರುವಾಯಿತು. ವಿಕ್ಟರ್ ಕಪ್ಪು ಚೆಂಡನ್ನು ಗುಂಡಿಗೆ ಬೀಳಿಸಿದ. ಅದನ್ನು ತೆಗೆದು ಮತ್ತೆ ಅದರ ಜಾಗದಲ್ಲಿ ಇಡುವುದು ರೆಫರಿಯ ಕೆಲಸ. ಬಿಳಿ ಗ್ಲೌಸು ತೊಟ್ಟ ರೆಫರಿ ಗಂಭೀರವಾಗಿ ನಡೆದು ಬಂದು, ಚೆಂಡನ್ನು ಎತ್ತಿ, ಒರೆಸಿ, ಒಂದು ಕಣ್ಣು ಮುಚ್ಚಿ ಅಳತೆ ನೋಡಿ, ಕುರ್ಚಿಯಲ್ಲಿ ಕೂತಿದ್ದ ಮುದ್ದಯ್ಯನ ತಲೆಯ ಮೇಲೆ ನಾಜೂಕಾಗಿ ಇಟ್ಟ.