ಸೋಮವಾರದ ಗೆರೆ

ಗಾದಿಲಿಂಗಪ್ಪ ಪಂಚಾಂಗವನ್ನು ಡಾಕ್ಟರ ಮೇಜಿನ ಮೇಲೆ ಬಿಚ್ಚಿಟ್ಟ. ಹಿಂದಿನ ತಿಂಗಳು ಮೊಮ್ಮಗಳ ತುಟಿ ನೀಲಿಯಾದಾಗ, ಮದ್ರಾಸಿನಲ್ಲಿ ಓದಿ ಬಂದ ಈ ಹೊಸಪೇಟೆ ಡಾಕ್ಟರೇ ಹೇಳಿದ್ದರು: ದಿನಾ ರಾತ್ರಿ ಹುಡುಗಿಯೇ ಪಂಚಾಂಗದಲ್ಲಿ ಗುರುತು ಹಾಕಲಿ. ಉಸಿರು ಸರಾಗವಿದ್ದರೆ ಒಂದು ಗೆರೆ, ಎದೆ ಸಿಳ್ಳೆ ಹಾಕಿದರೆ ಎರಡು, ಮಲಗಲಾಗದೆ ಎದ್ದು ಕೂತರೆ ಮೂರು. ಏಳು ವರ್ಷದ ಹೊಳೆಮ್ಮ ಒಂದು ದಿನವೂ ತಪ್ಪಿಸಿರಲಿಲ್ಲ.

"ಸೋಮಾರ ನೋಡ್ರಿ," ಎಂದ ಗಾದಿಲಿಂಗಪ್ಪ, ಮೊಕದ್ದಮೆ ಗೆದ್ದವನಂತೆ. "ನಾಕೂ ಸೋಮಾರ ಒಂದ ಗೆರಿ! ಶಿವನ ದಿನ. ಅದಕ್ಕ ಇನ್ನ ಮ್ಯಾಲೆ ಗುರುವಾರನೂ ಅಭಿಷೇಕ ಮಾಡಸಬೇಕಂತ ಮಾಡೀನಿ."

ಶಿವನೊಡನೆ ವಾದಿಸುವುದನ್ನು ಮದ್ರಾಸಿನಲ್ಲಿ ಕಲಿಸಿರಲಿಲ್ಲ. ಡಾಕ್ಟರು ಗೆರೆಗಳ ಮೇಲೆ ಬೆರಳಾಡಿಸುತ್ತ, "ಸೋಮವಾರ ನೀವೇನ್ ಮಾಡ್ತೀರಿ?" ಎಂದರು.

"ಏನಿಲ್ರಿ. ನಮ್ಮ ಅಕ್ಕಿ ಗಿರಣಿ ಬಂದ್. ಸೋಮಾರ ಎತ್ತಿಗೆ ನೊಗ ಹಾಕಬಾರದು ಅಂದಮ್ಯಾಲೆ ಇಂಜಿನ್ ಏನ್ ಪಾಪ ಮಾಡೇತ್ರಿ?"

"ಬಾಕಿ ದಿನ?"

ಉತ್ತರ ಪಕ್ಕದಲ್ಲಿ ಕೂತಿದ್ದ ಹೊಳೆಮ್ಮನಿಂದ ಬಂತು. "ತಾತ ಗಿರಣಿಯಿಂದ ಬಂದಕೂಡ್ಲೆ ನನ್ನ ಎತ್ಕೊಂತಾನ. ಅವನ ಹೆಗಲ ಮ್ಯಾಲೆ ಮಕಾ ಇಟ್ಟು ಮಲಗತೀನಿ."

ಡಾಕ್ಟರು ಎದ್ದು ಬಂದು ಗಾದಿಲಿಂಗಪ್ಪನ ಹೆಗಲ ವಸ್ತ್ರವನ್ನು ಮೆಲ್ಲಗೆ ಕೊಡವಿದರು. ಕಿಟಕಿಯ ಬಿಸಿಲಿನಲ್ಲಿ ತೌಡಿನ ಧೂಳು ಹೊಗೆಯಂತೆ ತೇಲಿತು. ಹುಡುಗಿ ಎರಡು ಸಲ ಸೀನಿದಳು. ಸ್ವಲ್ಪ ಹೊತ್ತಿಗೆ ಎದೆಯೊಳಗಿನ ಸಿಳ್ಳೆ ಮೂವರಿಗೂ ಕೇಳಿಸಿತು.

ಗಾದಿಲಿಂಗಪ್ಪ ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡ. "ಅಂದ್ರ... ನಾನೇನ್ರಿ?"

"ನೀವಲ್ಲ. ನಿಮ್ಮ ಮೈಮೇಲಿನ ತೌಡು."

"ಇಪ್ಪತ್ತು ವರ್ಷ ಆತ್ರಿ, ನಾನೂ ತೌಡೂ ಬ್ಯಾರೆ ಆಗಿದ್ದಿಲ್ಲ."

ಮರುದಿನ ಸಂಜೆ ಗಾದಿಲಿಂಗಪ್ಪ ಗಿರಣಿಯಿಂದ ಕಮಲಾಪುರದ ಮನೆಗೆ ಬಂದಾಗ ಹೊಳೆಮ್ಮ ಎಂದಿನಂತೆ ಕೈಯೆತ್ತಿ ಓಡಿಬಂದಳು. ಊರ ಹಮಾಲರೆಲ್ಲ ಹೆದರುವ ಸಾಹುಕಾರ ಏಳು ವರ್ಷದ ಹುಡುಗಿಗೆ ಹೆದರಿ ಹಿಂದಕ್ಕೆ ಹಾರಿದ. "ಮುಟ್ಟಬ್ಯಾಡ! ಅಲ್ಲೇ ನಿಂದ್ರು!" ಅವಳ ತುಟಿ ನಡುಗಿದ್ದನ್ನು ಕಂಡೂ ಕಾಣದಂತೆ ಹಿತ್ತಲಿಗೆ ನಡೆದ. ಅಂಗಿ, ವಸ್ತ್ರ ಕಳಚಿ ಮೂಲೆಗೆಸೆದು, ಬಾವಿಯ ನೀರು ಸೇದಿ, ಕಾರ್ತಿಕದ ಚಳಿಯಲ್ಲಿ ಉಟ್ಟ ಧೋತರದಲ್ಲೇ ತಲೆಯ ಮೇಲೆ ಸುರಿದುಕೊಂಡ. ಒಂದು ಕೊಡ, ಎರಡು ಕೊಡ. ಹಲ್ಲು ಕಟಕಟ ಎಂದವು.

ಪಕ್ಕದ ಗೋಡೆಯ ಮೇಲಿಂದ ನೆರೆಮನೆಯ ಜಡೆಪ್ಪನ ರುಮಾಲು, ಆಮೇಲೆ ಕಣ್ಣು ಕಾಣಿಸಿದವು. ಹೊತ್ತು ಮುಳುಗುವಾಗ ಮನೆಯೊಳಗೆ ಕಾಲಿಡದೆ ತಣ್ಣೀರು ಹೊಯ್ದುಕೊಳ್ಳುವವನು ಸತ್ತವರಿಗೆ ಮಣ್ಣು ಕೊಟ್ಟು ಬಂದವನೇ ಎಂಬುದು ಆ ಓಣಿಗೆಲ್ಲ ಗೊತ್ತು.

"ಅಯ್ಯೋ ಶಿವನ! ಯಾರು ಹೋದ್ರೋ ಸಾವ್ಕಾರ?"

ಗಾದಿಲಿಂಗಪ್ಪ ಹಿತ್ತಲ ಬಾಗಿಲತ್ತ ನೋಡಿದ. ಹೊಸ್ತಿಲ ಮೇಲೆ ಹುಡುಗಿ ಒಣಗಿದ ಪಂಚೆ ಹಿಡಿದು ನಿಂತಿದ್ದಳು.

"ಯಾರೂ ಹೋಗಬಾರದು ಅಂತಲೋ, ಜಡೆಪ್ಪ," ಎಂದು ಮೂರನೆಯ ಕೊಡ ಎತ್ತಿದ.